ರಬ್ಬರ್ ಉಂಗುರ ಬದಲಿಸಲು ಹೋದ ಬೆಳಿಗ್ಗೆ

ಆಗ ನಾವು ಎನ್.ಆರ್. ಪುರದ ಪೇಟೆಯಲ್ಲಿ, ನನ್ನ ಗಂಡನ ಬಟ್ಟೆ ಅಂಗಡಿಯ ಹಿಂದಿನ ಮನೆಯಲ್ಲಿದ್ದೆವು. ನಾವಿಬ್ಬರು ಮತ್ತು ಅತ್ತೆ. ಊರಿನಲ್ಲಿ ಒಬ್ಬೊಬ್ಬರ ಕೈಗೆ ಮೊಬೈಲು ಬರುತ್ತಿದ್ದ ಕಾಲ. ಬಚ್ಚಲಿಗೆ ಗೀಸರ್ ಹಾಕಿಸಿದಾಗ, ಅದರಿಂದಲೇ ಕಬ್ಬಿಣದ ಪೈಪು ಎಳೆದು ಅಡುಗೆಮನೆಗೂ ಒಂದು ಮಿಕ್ಸರ್ ನಲ್ಲಿಯನ್ನು ಕೂರಿಸಿದ್ದರು. ಬಿಸಿನೀರಿಗೊಂದು ತಿರುಪು, ತಣ್ಣೀರಿಗೊಂದು, ನಡುವೆ ಅತ್ತಿತ್ತ ತಿರುಗುವ ಉದ್ದನೆಯ ಮೂತಿ. ಮನೆಗೆ ಬಂದವರಿಗೆಲ್ಲ ಅತ್ತೆ ಅದನ್ನು ತಿರುಗಿಸಿ ತೋರಿಸುತ್ತಿದ್ದರು.

ಆ ಚಳಿಗಾಲದಲ್ಲಿ ನನ್ನ ಬೆರಳುಗಳು ಜುಮ್ಮೆನ್ನಲು ಶುರುವಾದವು. ಪಾತ್ರೆ ತೊಳೆಯುವಾಗ ಹೆಚ್ಚು. ಕೊಪ್ಪದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆ. ನರದ ದೌರ್ಬಲ್ಯ ಎಂದು ಮಾತ್ರೆ ಬರೆದುಕೊಟ್ಟರು. ಮಂಡಿನೋವೂ ಇದ್ದುದರಿಂದ ತಣ್ಣನೆಯ ನೆಲ ತುಳಿಯಬೇಡಿ, ಮನೆಯೊಳಗೂ ರಬ್ಬರ್ ಚಪ್ಪಲಿ ಹಾಕಿಕೊಳ್ಳಿ ಎಂದರು. ಅತ್ತೆಗೆ ಅದು ಸರಿಬರಲಿಲ್ಲ. "ಅಡುಗೆ ಮಾಡೋ ಜಾಗಕ್ಕೆ ಚಪ್ಪಲಿ ಮೆಟ್ಟಿಕೊಂಡು ಬರ್ತಾರೇನೇ?" ಎಂದು ಗೊಣಗುತ್ತಿದ್ದರು. ನಾನು ಕೇಳಿಸದವಳ ಹಾಗೆ ಇರುತ್ತಿದ್ದೆ.

ಅದೇ ಹೊತ್ತಿಗೆ ನಲ್ಲಿ ಸೋರತೊಡಗಿತು. ತಿರುಪು ಎಷ್ಟು ಬಿಗಿದರೂ ಮೂತಿಯ ಬುಡದಿಂದ ನೀರು ಇಳಿದು ಕಟ್ಟೆಯ ಮೇಲೆ ಹರಿದು ನೆಲ ಸೇರುತ್ತಿತ್ತು. ಒಳಗಿನ ರಬ್ಬರ್ ಉಂಗುರಗಳು ಸವೆದಿವೆ ಎಂದು ನನ್ನ ಗಂಡ ಹೊಸವನ್ನು ತಂದಿಟ್ಟರು. ಪ್ಲಂಬರಿಗೆ ಹೇಳಿ ಎಂದೆ.

"ಎರಡು ಉಂಗುರ ಬದಲಾಯಿಸೋಕೆ ಪ್ಲಂಬರ್ ಎಂತಕ್ಕೆ ಮಾರಾಯ್ತಿ?" ಎಂದರು.

ಅಂಗಡಿಗೆ ರಜೆಯ ದಿನ. ಅವರು ಬೆಳಗಿನ ಪೂಜೆ ಮುಗಿಸಿ, ಹಣೆಯ ವಿಭೂತಿಯಲ್ಲೇ ತಾರಸಿಗೆ ಹೋಗಿ ಟ್ಯಾಂಕಿನ ವಾಲ್ವ್ ಮುಚ್ಚಿ ಬಂದರು. ನೀರು ನಿಂತಿತಲ್ಲ, ಇನ್ನೇನು ಎಂದುಕೊಂಡೆವು. ಅತ್ತೆ ತಮ್ಮ ಸ್ನಾನಕ್ಕೆಂದು ಗೀಸರ್ ಹಾಕಿದ್ದು ಯಾರ ತಲೆಗೂ ಬರಲಿಲ್ಲ. ನನ್ನ ಗಂಡ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು, ಎಡಗೈಯಲ್ಲಿ ನಲ್ಲಿ ಹಿಡಿದು, ಬಲಗೈಯಿಂದ ಸ್ಪ್ಯಾನರ್ ಹಾಕಿದರು. ನಾನು ಬೆನ್ನು ಮಾಡಿ ಕೂತು ಅಕ್ಕಿ ಆರಿಸುತ್ತಿದ್ದೆ.

ನಲ್ಲಿಗೆ ಸ್ಪ್ಯಾನರ್ ಟಕಟಕ ಬಡಿಯುವ ಸದ್ದು ಕೇಳಿತು. "ಬಿಚ್ಚಿತಾ?" ಎಂದೆ. ಉತ್ತರವಿಲ್ಲ. ತಿರುಗಿ ನೋಡಿದೆ. ಕುತ್ತಿಗೆ ನನ್ನ ಕಡೆಗೆ ತಿರುಗಿ ಸೆಟೆದಿತ್ತು, ಹಲ್ಲು ಕಚ್ಚಿಕೊಂಡಿದ್ದವು, ಇಡೀ ಮೈ ನಡುಗುತ್ತಿತ್ತು. ಕಣ್ಣು ಮಾತ್ರ ನೆಟ್ಟಗೆ ನನ್ನ ಮೇಲಿತ್ತು. ತಮಾಷೆ ಮಾಡುತ್ತಿದ್ದಾರೆ ಅಂತಲೇ ಮೊದಲು ಅನಿಸಿತು.

ಬಚ್ಚಲ ಕಡೆಯಿಂದ ಬಂದ ಅತ್ತೆ, "ಎಂತಾಯ್ತೋ?" ಎಂದು ಒದ್ದೆ ಕೈ ಚಾಚಿ ಓಡಿದರು.

"ಮುಟ್ಟಬೇಡಿ! ಕರೆಂಟು!" ಎಂದು ಕಿರುಚಿ ಅವರನ್ನು ತಳ್ಳಿಬಿಟ್ಟೆ. ಅವರು ಗೋಡೆಗೆ ತಾಗಿ ಕುಸಿದರು. ಊಟಕ್ಕೆ ಕೂರುವ ಮರದ ಮಣೆ ಅಲ್ಲೇ ಒರಗಿಸಿತ್ತು. ಎರಡೂ ಕೈಯಲ್ಲಿ ಎತ್ತಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಗಂಡನ ಎಡ ಮೊಣಕೈಗೆ ಹೊಡೆದೆ. ಕೈ ಕಿತ್ತುಬಂತು. ಅವರು ಮರದ ದಿಮ್ಮಿಯಂತೆ ಬಿದ್ದರು.

ನಾನು ಮೇನ್ ಸ್ವಿಚ್ ಆರಿಸಿ ಬರುವಷ್ಟರಲ್ಲಿ ಅತ್ತೆ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ನನ್ನ ಗಂಡ ಉಸಿರಾಡುತ್ತಿದ್ದರು. ಪಕ್ಕದ ಮನೆಯವರ ವ್ಯಾನಿನಲ್ಲಿ ಕೊಪ್ಪದ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅತ್ತೆ ನನ್ನ ಸೆರಗನ್ನು ಬಿಡಲಿಲ್ಲ.

"ಹೃದಯಕ್ಕೆ ಏನೂ ಆಗಿಲ್ಲ. ಆದ್ರೆ ಮೊಣಕೈ ಮುರಿದಿದೆಯಲ್ಲ, ಬಿದ್ದ ಪೆಟ್ಟಾ?" ಎಂದು ಡ್ಯೂಟಿ ಡಾಕ್ಟರು ಕೇಳಿದರು.

"ನಾನು ಹೊಡೆದದ್ದು" ಎಂದೆ.

ಮರುದಿನ ಎಲೆಕ್ಟ್ರಿಷಿಯನ್ ಬಂದು ಗೀಸರ್ ಬಿಚ್ಚಿದ. ಒಳಗಿನ ಕಾಯಿಲ್ ಒಡೆದು ಕರೆಂಟು ಪೈಪಿಗೆ ಇಳಿದಿತ್ತು. ಅರ್ತ್ ವಯರನ್ನು ಮೊದಲು ಗೀಸರ್ ಕೂರಿಸಿದವನು ಎಲ್ಲಿಗೂ ಜೋಡಿಸದೆ ಗೋಡೆಯೊಳಗೇ ಬಿಟ್ಟಿದ್ದ. ನನ್ನ ಬೆರಳು ಜುಮ್ಮೆನ್ನುತ್ತಿದ್ದ ವಿಷಯ ಹೇಳಿದಾಗ ಅವನು ನನ್ನ ಕಾಲು ನೋಡಿದ. "ಚಪ್ಪಲಿ ಇದ್ದದ್ದಕ್ಕೆ ಬದುಕಿದ್ರಿ, ಅಕ್ಕ." ಇಡೀ ಚಳಿಗಾಲ ದಿನಾ ಆ ನಲ್ಲಿ ಹಿಡಿದಿದ್ದೆ, ಮಾತ್ರೆ ನುಂಗಿದ್ದೆ.

ಹೊಸ ಗೀಸರ್ ಬಂದ ಮೇಲೆ ಉಂಗುರ ಹಾಕಿದ್ದು ನಾನೇ. ಹಳೆಯವು ಚಪ್ಪಟೆಯಾಗಿ, ಬಿರುಕುಬಿಟ್ಟು, ಉಗುರಿಗೆ ಸಿಕ್ಕಿ ಚೂರಾದವು. ಪ್ಲಾಸ್ಟರ್ ಹಾಕಿದ ಕೈ ಎದೆಗೆ ಕಟ್ಟಿಕೊಂಡು ಅವರು ಬಾಗಿಲಲ್ಲಿ ನಿಂತು ನೋಡಿದರು. ಒಳಗೆ ಬರಲಿಲ್ಲ.

ಪ್ಲಾಸ್ಟರ್ ಬಿಚ್ಚಿಸಿಕೊಂಡು ಕೊಪ್ಪದಿಂದ ಬಸ್ಸಿನಲ್ಲಿ ವಾಪಸು ಬರುವಾಗ ಅವರು ಇದ್ದಕ್ಕಿದ್ದಂತೆ ಹೇಳಿದರು: "ಅವತ್ತು ನಂಗೆ ಎಲ್ಲ ಕಾಣ್ತಿತ್ತು. ಅಮ್ಮ ಓಡಿ ಬರೋದೂ ಕಾಣ್ತು. ಮುಟ್ಟಬೇಡ, ಮುಟ್ಟಬೇಡ ಅಂತ ಕೂಗ್ತಾನೇ ಇದ್ದೆ."

"ನಿಮ್ಮ ಬಾಯಿಂದ ಸ್ವರವೇ ಬರಲಿಲ್ಲ" ಎಂದೆ.

"ಗೊತ್ತು. ಅಮ್ಮ ನಿಲ್ಲಲಿಲ್ಲವಲ್ಲ, ಆಗ ಗೊತ್ತಾಯ್ತು."

ಊರು ಹತ್ತಿರವಾದಾಗ ಅವರು, "ಅಮ್ಮಂಗೆ ಇದನ್ನ ಹೇಳ್ಬೇಡ" ಎಂದರು. ಅತ್ತೆ ಇರುವವರೆಗೂ ನಾನು ಹೇಳಲಿಲ್ಲ.