ಜರ್ಮನ್ ರಾಕ್‌ಗೆ ಹೊದಿಸಿದ ಶಾಲು

ಡ್ರಮ್ಸ್ ಬಾರಿಸುತ್ತಿರುವವರಿಗೆ, ಬಾರಿಸುತ್ತಿರುವಾಗಲೇ, ಶಾಲು ಹೊದಿಸಿದ್ದನ್ನು ನೀವು ನೋಡಿದ್ದೀರಾ? ನಾನು ಕಳೆದ ಶುಕ್ರವಾರ ದೋಹಾದಲ್ಲಿ ನೋಡಿದೆ.

ಡ್ರಮ್ಸ್ ಹಿಂದೆ ಕೂತಿದ್ದವರು ಉಡುಪಿ ಕಡೆಯ ಸ್ಟ್ಯಾನಿ. ನಮ್ಮ ಆಫೀಸಿನ ಅಕೌಂಟೆಂಟ್. ಅವರಿಗೆ ಒಂದೇ ಹುಚ್ಚು, ಎಪ್ಪತ್ತರ ದಶಕದ ಒಂದು ಜರ್ಮನ್ ರಾಕ್ ಬ್ಯಾಂಡ್. (ಹೆಸರು ಹೇಳಲು ನನ್ನ ಮೈಸೂರು ನಾಲಿಗೆ ಹೊರಳುವುದಿಲ್ಲ, ಬಿಡಿ.) ಅದರಲ್ಲೂ ಬ್ಯಾಂಡಿನ ಮೊದಲ ವರ್ಷಗಳು ಮಾತ್ರ. ನಾಲ್ಕೈದು ಹುಡುಗರು ಒಂದೇ ಬಾಡಿಗೆ ಮನೆಯಲ್ಲಿದ್ದು, ಆಲೂಗಡ್ಡೆ ಬೇಯಿಸಿ ತಿಂದು, ಹಾಡೇ ಇಲ್ಲದ ಇಪ್ಪತ್ತು ನಿಮಿಷದ ಸಂಗೀತ ಕಟ್ಟಿದರಂತೆ. ಕೇಳಲು ಯಾರೂ ಬರುತ್ತಿರಲಿಲ್ಲವಂತೆ.

“ಮತ್ತೆ ಫೇಮಸ್ ಆದ್ರು ನೋಡಿ, ಅಲ್ಲಿಗೆ ಖಲಾಸ್” ಎನ್ನುತ್ತಾರೆ ಸ್ಟ್ಯಾನಿ.

ಮುಂದಿನ ತಿಂಗಳು ಅವರು ಕೆಲಸ ಬಿಟ್ಟು ಊರಿಗೆ ಹೊರಡುತ್ತಿದ್ದಾರೆ. ಅಷ್ಟರೊಳಗೆ ಆ ಸಂಗೀತವನ್ನು ಒಮ್ಮೆ, ಪೂರ್ತಿಯಾಗಿ, ಜನರೆದುರು ನುಡಿಸಬೇಕು ಎಂಬುದೊಂದೇ ಆಸೆ. ದೋಹಾದ ಅಲ್ ಥುಮಾಮಾ ಬಡಾವಣೆಯ ತಮ್ಮ ಮನೆಯಲ್ಲಿ, ತಲೆಯ ಮೇಲೆ ಹಾರುವ ವಿಮಾನಗಳ ಸದ್ದಿನ ನಡುವೆ, ಇಬ್ಬರು ಗೆಳೆಯರ ಜೊತೆ ವರ್ಷವಿಡೀ ಪ್ರಾಕ್ಟೀಸ್ ಮಾಡಿದ್ದರು. ಕೊನೆಗೆ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಅವಕಾಶ ಸಿಕ್ಕಿತು. (ಸಂಘ ಎಂದರೆ ಗೊತ್ತಲ್ಲ? ಮೂವರು ಸದಸ್ಯರಿಗೆ ನಾಲ್ವರು ಪದಾಧಿಕಾರಿಗಳು.)

ಶುರುವಾಯಿತು. ಮೊದಲು ಕೀಬೋರ್ಡಿನ ಒಂದೇ ಸ್ವರ, ಮೆಲ್ಲಗೆ. ನನಗೆ ಸಂಗೀತ ತಿಳಿಯದು, ಆದರೂ ಏನೋ ಹಿಡಿದು ಕೂರಿಸಿತು. ಅಧ್ಯಕ್ಷರು ಸ್ವಲ್ಪ ಹೊತ್ತು ಕಾದರು. ವೇದಿಕೆಯ ಮೇಲೆ ಯಾರೂ ಬಾಯಿ ತೆರೆಯಲಿಲ್ಲ. ಅವರು ಮೈಕ್ ಹಿಡಿದರು.

“ಹಾಡು ಇನ್ನೂ ಸ್ಟಾರ್ಟ್ ಆಗಿಲ್ಲ. ಅಷ್ಟ್ರಲ್ಲಿ ಸನ್ಮಾನ ಮುಗಿಸ್ಬಿಡೋಣ. ಮ್ಯೂಸಿಕ್ ನಡೀತಿರ್ಲಿ, ಚೆನ್ನಾಗಿದೆ. ಯಲ್ಲಾ ಯಲ್ಲಾ, ಬೇಗ ಶಾಲು ತನ್ನಿ.”

ಪ್ರಾಯೋಜಕರಿಗೆ ಪೇಟ, ಹಾರ, ಹಣ್ಣಿನ ಬುಟ್ಟಿ. ಆಮೇಲೆ ಅವರ ಶ್ರೀಮತಿಗೆ. ಆಮೇಲೆ ಅವರ ಭಾವಮೈದುನನಿಗೆ. (ಭಾವಮೈದುನ ಮಾಡಿದ ಕನ್ನಡ ಸೇವೆ ಏನು? ಕೇಳಬಾರದು.) ಡ್ರಮ್ಸ್ ಜೋರಾದಾಗಲೆಲ್ಲ ಸದ್ದು ಕಡಿಮೆ ಮಾಡಿ ಎಂದು ಕೈಸನ್ನೆ. ಕೊನೆಗೆ ಒಂದು ಶಾಲು ಉಳಿಯಿತು. ಉಳಿದ ಶಾಲನ್ನು ಮನೆಗೆ ಒಯ್ಯಲಾದೀತೆ? ಸ್ಟ್ಯಾನಿಗೆ ಹೊದಿಸಿದರು. ಅವರ ಬಲಗೈ ಅದರೊಳಗೆ ಸಿಕ್ಕಿಕೊಂಡಿತು, ಕೋಲು ಕೆಳಗೆ ಉರುಳಿತು. ಗೆಳೆಯರೂ ನಿಲ್ಲಿಸಿದರು. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು.

ಊಟದ ಸಾಲಿನಲ್ಲಿ ಅಧ್ಯಕ್ಷರು ಅವರ ಬೆನ್ನು ತಟ್ಟಿದರು. “ಬ್ಯಾಕ್‌ಗ್ರೌಂಡ್ ಸೂಪರ್ ಇತ್ತು ಸರ್. ಹಾಡೊಂದು ಹೇಳಿದ್ರೆ ಇನ್ನೂ ಚೆನ್ನಾಗಿರ್ತಿತ್ತು.”

ಸ್ಟ್ಯಾನಿ ತಲೆಯಾಡಿಸಿದರು. ಕಾರು ಹತ್ತುವಾಗ ನನ್ನೊಬ್ಬನಿಗೇ ಹೇಳಿದರು, “ಚಂದ ಇದ್ದದ್ದು ನಾವು ನಿಲ್ಲಿಸಿದ ಜಾಗದ ನಂತರ ಮಾರಾಯ್ರೆ.”

ನನಗೆ ಸಂಕಟವಾಯಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಆ ಜರ್ಮನ್ ಹುಡುಗರು ಮೊದಮೊದಲು ಖಾಲಿ ಕುರ್ಚಿಗಳ ಮುಂದೆ ನುಡಿಸಿದರಂತೆ. ಪುಣ್ಯವಂತರು.

ಖಾಲಿ ಕುರ್ಚಿ ಎದ್ದು ಬಂದು ಯಾರಿಗೂ ಶಾಲು ಹೊದಿಸುವುದಿಲ್ಲ.