ಹೊಡೆಯುವುದಲ್ಲ, ಇಡುವುದು

ಮೊದಲು ಅದನ್ನು ಕಂಡವಳು ನನ್ನ ಮಗಳು. ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ಬೂದು ಬಣ್ಣದ ಸಣ್ಣ ಪತಂಗವೊಂದು ಅಂಕುಡೊಂಕಾಗಿ ಹಾರುತ್ತಿತ್ತು. "ಮಮ್ಮಿ, ಪಾತರಗಿತ್ತಿ ಮರಿ!" ಎಂದು ಕುಣಿದಳು. ನಾನು ಎರಡೂ ಅಂಗೈ ಸೇರಿಸಿ ಹೊಡೆದೆ. ಕೈಗೆ ಬೂದಿಯಂಥ ಪುಡಿ ಅಂಟಿತು. ಆ ಆಷಾಢವನ್ನು ನೆನೆದಾಗಲೆಲ್ಲ ಇಲ್ಲಿಂದಲೇ ಶುರುವಾಗುತ್ತದೆ. ಆಮೇಲೆ ನಾನು ಬೇಡವೆಂದರೂ ಮನಸ್ಸು ತಾನೇ ಮುಂದೆ ನಡೆದು ಒಳಕೋಣೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ನಾವಿರುವುದು ಗಿಣಿಗೇರಾದಲ್ಲಿ, ಬಾಡಿಗೆ ಮನೆಯಲ್ಲಿ. ಒಂದು ಪಡಸಾಲೆ, ಒಂದು ಅಡುಗೆಮನೆ, ಒಂದು ಒಳಕೋಣೆ. ನನ್ನ ಗಂಡ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಾರೆ. ನಾನು ಡಿಗ್ರಿ ಮುಗಿಸಿ ಕೊಪ್ಪಳದ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದೇನೆ. ಆಗ ಮನೆಯಲ್ಲಿ ನಾಲ್ಕು ಹಕ್ಕಿಗಳಿದ್ದವು. ಅಂಗಡಿಯವರು ಲವ್ ಬರ್ಡ್ಸ್ ಎಂದು ಕೊಡುವ ಸಣ್ಣ ಗಿಳಿಗಳು. ಎರಡು ಹಸಿರು, ಒಂದು ಹಳದಿ, ಒಂದು ನೀಲಿ. ಬೆಕ್ಕಿನ ಭಯಕ್ಕೆ ಪಂಜರವನ್ನು ಒಳಕೋಣೆಯ ಕಿಟಕಿಯ ಪಕ್ಕದ ಕೊಂಡಿಗೆ ನೇತುಹಾಕಿದ್ದೆವು. ಮಗಳು ಎಂಟು ದಿನಕ್ಕೊಮ್ಮೆ ಅವುಗಳ ಹೆಸರು ಬದಲಿಸುತ್ತಿದ್ದಳು.

ಪತಂಗ ಬಂದದ್ದು ಆ ಹಕ್ಕಿಗಳ ನವಣೆಯಿಂದ. ಡಬ್ಬಿಯ ಮುಚ್ಚಳ ತೆಗೆದರೆ ಕಾಳಿಗೆ ಕಾಳು ಅಂಟಿಕೊಂಡು ತೆಳ್ಳನೆಯ ನೂಲಿನಲ್ಲಿ ಜೋತಾಡುತ್ತಿದ್ದವು. ನೂಲಿನೊಳಗೆ ಬಿಳಿ ಹುಳಗಳು ಮೆಲ್ಲಗೆ ಹೊರಳುತ್ತಿದ್ದವು. ಚೆಲ್ಲಿದೆ, ಡಬ್ಬಿ ತೊಳೆದೆ, ಹೊಸ ನವಣೆ ತಂದೆ. ಮತ್ತೆ ಬಂದವು. ಆಮೇಲೆ ರವೆಯಲ್ಲಿ, ಕಡಲೆ ಹಿಟ್ಟಿನಲ್ಲಿ. ಕೊನೆಗೆ ಸಿದ್ದಾಪುರದಿಂದ ಬಂದ ಅಕ್ಕಿಯಲ್ಲೂ.

ಆ ಅಕ್ಕಿ ನನ್ನ ಅತ್ತೆಯದು. ಸಿದ್ದಾಪುರದಲ್ಲಿ ಅವರಿಗೆ ಕಾಲುವೆ ನೀರಿನ ಗದ್ದೆಯಿದೆ. ನಮ್ಮಲ್ಲಿಗೆ ಬರುವಾಗಲೆಲ್ಲ ಚೀಲ ಹೊರಿಸಿಕೊಂಡೇ ಬರುತ್ತಿದ್ದರು. "ಮನ್ಯಾಗ ಬೆಳದದ್ದು ಬಿಟ್ಟು ಅಂಗಡಿ ಅಕ್ಕಿ ಉಣ್ತೀರಿ, ನಾಚಿಕಿ ಬರಂಗಿಲ್ಲ?" ಎಂದು ಬೈದು ತಾವೇ ಅದನ್ನು ಒಳಕೋಣೆಯ ದೊಡ್ಡ ಡ್ರಮ್ಮಿಗೆ ಸುರಿಯುತ್ತಿದ್ದರು. ಇಡಲು ಬೇರೆ ಜಾಗವಿರಲಿಲ್ಲ. ಡ್ರಮ್ಮಿನ ಪಕ್ಕದಲ್ಲೇ ಮಗಳ ಹಾಸಿಗೆ.

ಹಕ್ಕಿಗಳಿರುವ ಮನೆಯಲ್ಲಿ ಹುಳದ ಸ್ಪ್ರೇ ಬಳಸಬಾರದೆಂದು ಓದಿದ್ದೆ. ಅವುಗಳ ಉಸಿರು ಬಹಳ ಸೂಕ್ಷ್ಮವಂತೆ. ಹಾಗಾಗಿ ನಿಧಾನದ ದಾರಿ ಹಿಡಿದೆ. ಕಪಾಟು ಒರೆಸುವುದು, ಮುಚ್ಚಳಗಳ ಅಂಚಿನಲ್ಲಿದ್ದ ಗೂಡುಗಳನ್ನು ಕಡ್ಡಿಯಿಂದ ಕೆರೆಯುವುದು, ನವಣೆಯನ್ನು ಕೆಲವು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಹಕ್ಕಿಗಳಿಗೆ ಹಾಕುವುದು. ಆಗ ನಮ್ಮಲ್ಲೇ ಬಂದಿದ್ದ ಅತ್ತೆ ಅದನ್ನು ನೋಡಿ ಸುಮ್ಮನಿರಲಿಲ್ಲ.

"ಏನ್ ಬಚ್ಚಿಟ್ಟಿಯವಾ ಫ್ರಿಜ್ಜಿನ್ಯಾಗ?"

"ಹಕ್ಕಿ ನವಣಿರೀ ಅತ್ತಿ. ಥಂಡಿಗೆ ಹುಳದ ತತ್ತಿ ಸಾಯ್ತಾವಂತ."

"ಅಬಬಬ! ಹಕ್ಕಿ ಕಾಳಿಗೆ ಫ್ರಿಜ್ಜು, ಮುದುಕಿಗೆ ಗಡಿಗಿ ನೀರು. ಮುಂದಿನ ಜನ್ಮಕ್ಕ ನಿನ್ನ ಮನ್ಯಾಗ ಹಕ್ಕಿ ಆಗೇ ಹುಟ್ತೀನಿ ತಡಿ."

"ಹಳದಿ ಹಕ್ಕಿ ಆಗು ಅಜ್ಜಿ," ಎಂದಳು ಮಗಳು.

"ಹಳದಿ ಒಲ್ಲೆವಾ, ನಂಗ ಹಸರ ಒಪ್ತೈತಿ."

ಅವರ ಪ್ರಕಾರ ಅಕ್ಕಿಯನ್ನು ಎರಡು ದಿನ ಬಿಸಿಲಿಗೆ ಹರವಿದರೆ ಎಲ್ಲ ಮುಗಿಯುತ್ತಿತ್ತು. ಸಿದ್ದಾಪುರದಲ್ಲಾದರೆ ಅದು ಸರಿ. ನಾನು ಅವರನ್ನು ನಮ್ಮ ಮಾಳಿಗೆಯ ಮೇಲಕ್ಕೆ ಕರೆದುಕೊಂಡು ಹೋದೆ. ನಾಲ್ಕು ಹೆಜ್ಜೆ ನಡೆದು ತಮ್ಮ ಪಾದ ಎತ್ತಿ ನೋಡಿಕೊಂಡರು. ಕಾರ್ಖಾನೆಗಳ ಕರಿಧೂಳು ಮೆತ್ತಿ ಇದ್ದಿಲು ತುಳಿದಂತೆ ಕಪ್ಪಾಗಿತ್ತು. "ಇದ್ರಾಗ ಅಕ್ಕಿ ಹಾಕಿದ್ರ ಸಂಜಿಗೆ ಎಳ್ಳು ಆಗಿರ್ತಾವಲ್ಲವಾ," ಎಂದರು. ಇಬ್ಬರೂ ನಕ್ಕೆವು. ಅತ್ತೆಯೊಡನೆ ಹಾಗೆ ಹೊಟ್ಟೆತುಂಬ ನಕ್ಕದ್ದು ಅದೇ ಕೊನೆ.

"ಹಂಗಾರ ಒಂಚೂರು ಎಣ್ಣಿ ಹೊಡದ್ ಬಿಡೂಣು," ಎಂದರು ಕೆಳಗಿಳಿಯುತ್ತ. ನಮ್ಮ ಕಡೆ ಬೆಳೆಗೆ ಸಿಂಪಡಿಸುವ ವಿಷಕ್ಕೆ ಎಣ್ಣೆ ಎಂದೇ ಹೆಸರು. ಸಿಂಪಡಿಸುವುದಕ್ಕೆ ಹೊಡೆಯುವುದು ಎನ್ನುತ್ತಾರೆ.

"ಬ್ಯಾಡ್ರೀ ಅತ್ತಿ. ಏನೂ ಹೊಡಿಬ್ಯಾಡ್ರಿ. ಹಕ್ಕಿ ಸಾಯ್ತಾವ."

"ಹೊಡಿಯಂಗಿಲ್ಲ ಬಿಡು. ನನಗೇನ್ ಅವುಗಳ ಮ್ಯಾಲ ಸಿಟ್ಟೈತೇನ?"

ಅವರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಇಡೀ ಘಟನೆಯಲ್ಲಿ ನನ್ನನ್ನು ಇವತ್ತಿಗೂ ನಡುಗಿಸುವುದು ಅದೇ.

ಮುಂದೆ ಅವರು ನಾಲ್ಕು ದಿನ ಊರಿಗೆ ಹೋಗಿ ಬಂದರು. ಬರುವಾಗ ಹೀರೆಕಾಯಿ, ಬೆಣ್ಣೆ, ಮೊಮ್ಮಗಳಿಗೆ ಮಂಡಾಳು ಉಂಡೆ ತಂದರು. ಅವುಗಳ ಜೊತೆ ಬಿಗಿ ಮುಚ್ಚಳದ ಸಣ್ಣ ಡಬ್ಬಿಯಲ್ಲಿ ಗುಳಿಗೆಗಳನ್ನೂ ತಂದಿದ್ದರು. ಅಕ್ಕಿ ಗಿರಣಿಯಲ್ಲಿ ಗೊತ್ತಿದ್ದ ಯಾರೋ ಕೊಟ್ಟದ್ದು. ಅದು ನನಗೆ ಗೊತ್ತಿರಲಿಲ್ಲ.

ಆ ಶನಿವಾರ ಮಗಳ ಶಾಲೆ ಬೇಗ ಬಿಟ್ಟಿತ್ತು. ಗಂಡ ಮೊದಲ ಪಾಳಿಗೆ ಹೋಗಿದ್ದರು. ನಾನು ಅರ್ಧ ದಿನ ರಜೆ ಹಾಕಿ ಕೊಪ್ಪಳದಿಂದ ಬಸ್ಸಿನಲ್ಲಿ ಬಂದೆ. ಆಷಾಢದ ಗಾಳಿ ಬೀಸುತ್ತಿತ್ತು. ಅಂಥ ದಿನ ಧೂಳು ಬಾರದಂತೆ ನಮ್ಮ ಓಣಿಯಲ್ಲಿ ಕಿಟಕಿ ತೆರೆಯುವವರಿಲ್ಲ. ನಾವಂತೂ ಒಳಕೋಣೆಯ ಕಿಟಕಿಯ ಸಂದುಗಳಿಗೆ ಹಳೆಯ ಸೀರೆಯ ಚೂರು ತುರುಕಿಟ್ಟಿದ್ದೆವು. ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು.

"ಕೂಸು ಉಂಡು ಮಲಗೈತಿ. ಸಪ್ಪಳ ಮಾಡಬ್ಯಾಡ. ಬಾಗಲಾ ಮುಚ್ಚೀನಿ."

ನಾನು ಕೈಕಾಲು ತೊಳೆದು ತಾಟಿಗೆ ಅನ್ನ ಬಡಿಸಿಕೊಂಡು ಕುಳಿತೆ. ಮೊದಲ ತುತ್ತು ಬಾಯಿಗಿಟ್ಟಾಗ ಏನೋ ಇಲ್ಲ ಅನ್ನಿಸಿತು. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ದಿನವೂ ಆ ಹೊತ್ತಿನಲ್ಲಿ ಹಕ್ಕಿಗಳು ಎಷ್ಟು ಗದ್ದಲ ಮಾಡುತ್ತಿದ್ದವೆಂದರೆ ಅತ್ತೆ ಅವುಗಳ ವಂಶವನ್ನೆಲ್ಲ ಬೈಯುತ್ತಿದ್ದರು.

"ಹಕ್ಕಿ ಯಾಕ ಸುಮ್ಮನದಾವ್ರಿ?"

"ಅವೂ ಮಲಗಿರಬೇಕು. ಇವತ್ತರೆ ಪುಣ್ಯಾ ಕಟ್ಟಿಕೊಂಡಾವ."

ಅವು ಒಂದೇ ಒಂದು ಸಲ ಕೂಗಿದ್ದರೂ ನಾನು ಏಳುತ್ತಿರಲಿಲ್ಲ. ಊಟ ಮುಗಿಸಿ, ಪಾತ್ರೆ ತೊಳೆದು, ಮಗು ಮಲಗಲಿ ಎಂದು ಪಡಸಾಲೆಯಲ್ಲೇ ಅಡ್ಡಾಗುತ್ತಿದ್ದೆ. ಆ ಇನ್ನೊಂದು ಮಧ್ಯಾಹ್ನವನ್ನೂ ನಾನು ಕಾಣುತ್ತಿರುತ್ತೇನೆ, ಬಸ್ಸಿನಲ್ಲಿ, ಆಫೀಸಿನಲ್ಲಿ, ರೊಟ್ಟಿ ಬಡಿಯುವಾಗ.

ಬಾಗಿಲು ತೆರೆದೆ. ಕೊಳೆತ ಬೆಳ್ಳುಳ್ಳಿಯ ವಾಸನೆ ಮುಖಕ್ಕೆ ಬಡಿಯಿತು. ಯಾರೋ ಚಟ್ನಿ ಚೆಲ್ಲಿದ್ದಾರೆ ಅಂದುಕೊಂಡೆ. ಪಂಜರದ ತಳದಲ್ಲಿ ನಾಲ್ಕೂ ಬಿದ್ದಿದ್ದವು. ಹಳದಿಯದರ ರೆಕ್ಕೆ ಬೀಸಣಿಗೆಯಂತೆ ಬಿಚ್ಚಿಕೊಂಡಿತ್ತು. ಪಂಜರದ ಕೆಳಗೆ ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ದಿಂಬಿನ ಮೇಲೆ ವಾಂತಿ. ಹಣೆ ಬೆವರಿತ್ತು, ಕೈಗಳು ತಣ್ಣಗಿದ್ದವು. ಕೂಗಿದೆ. ಕಣ್ಣು ತೆರೆದಳು. ಆದರೆ ಆ ಕಣ್ಣುಗಳು ನನ್ನ ಮೇಲೆ ನಿಲ್ಲಲಿಲ್ಲ.

"ಮಮ್ಮಿ, ಎದಿ..." ಎಂದಳು. ಅಷ್ಟೇ.

ಅವಳನ್ನು ಎತ್ತಿಕೊಂಡು ಹೊರಗೆ ಓಡಿದೆ. ಹಕ್ಕಿಗಳಿಂದ ಏನೋ ರೋಗ ಬಂದಿದೆ ಎಂದೇ ಆಗ ನನ್ನ ತಲೆಯಲ್ಲಿದ್ದದ್ದು. ಪಕ್ಕದ ಮನೆಯವರು ಆಟೋ ಓಡಿಸುತ್ತಾರೆ. ಆಗಷ್ಟೇ ನಮಾಜು ಮುಗಿಸಿ ಬಂದು ಬಾಗಿಲಲ್ಲಿ ನಿಂತಿದ್ದರು.

"ಯಾ ಅಲ್ಲಾ! ಏನಾತ್ರೀ ಅಕ್ಕಾ? ಹತ್ರಿ, ಮೊದಲ ಹತ್ರಿ."

ಅತ್ತೆಯೂ ಬರಿಗಾಲಲ್ಲೇ ಹತ್ತಿ ಕುಳಿತರು. ಕೊಪ್ಪಳದ ದಾರಿಯಲ್ಲಿ ಲಾರಿಗಳ ಸಾಲು. ಆಟೋದವರು ಹಾರ್ನಿನಿಂದ ಕೈ ತೆಗೆಯದೆ, ಕತ್ತು ಹೊರಳಿಸದೆ ಮಗಳ ಜೊತೆ ಮಾತಾಡುತ್ತಲೇ ಇದ್ದರು. "ಬೇಟಾ, ಕಣ್ ಮುಚ್ಚಬ್ಯಾಡ. ಲಾರಿ ಎಣಸು. ಎಷ್ಟ್ ಹೋದ್ವು ಹೇಳು ನೋಡೂಣು." ಅವಳು ನನ್ನ ಎದೆಗೆ ಒರಗಿ ಸಣ್ಣ ದನಿಯಲ್ಲಿ ಎಣಿಸಿದಳು. ಒಂದು ಸಂಖ್ಯೆಯನ್ನು ಎರಡು ಸಲ ಹೇಳಿದಳು. ಆಮೇಲೆ ನಿಲ್ಲಿಸಿದಳು. ಅವರು ಆಟೋವನ್ನು ರಸ್ತೆಯಂಚಿನ ಮಣ್ಣಿಗಿಳಿಸಿ ಲಾರಿಗಳನ್ನು ಹಿಂದೆ ಹಾಕಿದರು.

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದವರು ವಯಸ್ಸಿನಲ್ಲಿ ನನಗಿಂತ ಚಿಕ್ಕ ಡಾಕ್ಟರಮ್ಮ. ಏನು ತಿಂದಿದ್ದಳು ಎಂದು ಕೇಳಿದರು. ಅನ್ನ, ಸಾರು ಎಂದೆ. ಹಕ್ಕಿಗಳೂ ಸತ್ತಿವೆ ಎಂದಾಗ ತಲೆ ಎತ್ತಿ ನೋಡಿದರು.

"ಮನಿಯಾಗ ಏನರೆ ಔಷಧ ಹೊಡದೀರೇನು?"

"ಇಲ್ರಿ ಮೇಡಂ. ಹಕ್ಕಿ ಅದಾವಂತ ನಾವು ಏನೂ ಹೊಡಿಯಂಗಿಲ್ಲ."

ಆಗ ನನ್ನ ಹಿಂದಿನಿಂದ ಅತ್ತೆಯ ದನಿ ಬಂತು. "ಹೊಡದಿಲ್ರಿ ಬಾಯಾರ. ಗುಳಿಗಿ ಇಟ್ಟೀನಿ ಅಷ್ಟ."

"ಯಾವ ಗುಳಿಗಿ?"

"ಕಾಳಿಗೆ ಇಡೋದ್ರಿ. ಮುಂಜಾನೆ ಅಕ್ಕಿ ಡ್ರಮ್ಮಿನ್ಯಾಗ ಅರಿವ್ಯಾಗ ಕಟ್ಟಿ ಇಟ್ಟೀನಿ. ಅದಕ್ಕ ಹಕ್ಕಿ ಸಾಯಂಗಿಲ್ರಿ. ಅದು ಹೊಡಿಯೋದಲ್ಲ, ಇಡೋದು."

ಡಾಕ್ಟರಮ್ಮ ನರ್ಸನ್ನು ಕೂಗಿ ಮಗಳ ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿಸಿದರು. ಎದೆಗೆ ತಂತಿಗಳನ್ನು ಅಂಟಿಸಿದರು. ನಾವಿಬ್ಬರೂ ಆ ಕೋಣೆಯಲ್ಲಿ ಎಷ್ಟು ಹೊತ್ತು ಇದ್ದೆವೆಂದು ಕೇಳಿ, ನಮ್ಮ ನಾಡಿಯನ್ನೂ ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಆ ಗುಳಿಗೆ ಗಾಳಿಯ ತೇವಕ್ಕೆ ವಿಷದ ಅನಿಲವಾಗುತ್ತದೆ. ಅದು ಹೃದಯವನ್ನು ಹಿಡಿಯುತ್ತದೆ. "ಇದಕ್ಕ ಇಂಥಾದ್ದೇ ಮದ್ದು ಅಂತ ಇಲ್ರಿ. ಉಸಿರಿಗೆ, ಹೃದಯಕ್ಕ ಆಸರ ಕೊಡ್ತೀವಿ. ಕಾಯಬೇಕು."

ಕಾದೆವು. ಗಂಡ ಕಾರ್ಖಾನೆಯ ಬಟ್ಟೆಯಲ್ಲೇ ಬಂದರು. ಮಗಳನ್ನು ಗಾಜಿನಾಚೆಯಿಂದ ನೋಡಿ, ತಾಯಿಯ ಮುಂದೆ ಬಂದು ನಿಂತರು.

"ಯವ್ವಾ, ಯಾಕ್ ಇಟ್ಟಿ? ಅದು ವಿಷ ಅನ್ನೂದು ಗೊತ್ತಿಲ್ಲೇನು ನಿನಗ?"

"ಹುಟ್ಟಿದಾಗಿಂದ ಇಡ್ತೀವಲ್ಲಪಾ. ನೀನೂ ಅದ ಅಕ್ಕಿ ಉಂಡು ದೊಡ್ಡಾವ ಆದಿ. ಹೊಡಿಬ್ಯಾಡ ಅಂದ್ರು, ಹೊಡಿಲಿಲ್ಲ. ಇಡಬ್ಯಾಡ ಅಂತ ಯಾರೂ ಅನ್ನಲಿಲ್ಲ."

ಸಿದ್ದಾಪುರದ ಮನೆಯಲ್ಲಿ ಕಾಳಿನ ಕೋಣೆ ಅಂಗಳದ ಆ ಕಡೆ, ದನದ ಕೊಟ್ಟಿಗೆಯ ಆಚೆಗಿದೆ. ಗುಳಿಗೆ ಇಟ್ಟು ಕದ ಹಾಕಿದರೆ ಹದಿನೈದು ದಿನ ಅತ್ತ ಯಾರೂ ಸುಳಿಯುವುದಿಲ್ಲ. ಮಲಗುವುದೆಲ್ಲ ಬಯಲಲ್ಲಿ. ಅಷ್ಟು ದೂರ, ಅಷ್ಟು ಗಾಳಿ ಇದ್ದದ್ದರಿಂದಲೇ ಅದು ಅವರಿಗೆ ವಿಷವಾಗಿ ಕಂಡಿರಲಿಲ್ಲ. ಅದನ್ನೇ ಅವರು ಸೀರೆ ತುರುಕಿದ ಕಿಟಕಿಯ ಕೋಣೆಗೆ, ಕೈಯಳತೆಯಲ್ಲಿ ಮಗು ಮಲಗುವ ಕೋಣೆಗೆ ತಂದಿಟ್ಟಿದ್ದರು. ಹಕ್ಕಿಗಳಿಗೆ ತೊಂದರೆಯಾಗಬಾರದೆಂದು.

ಮಗಳು ಉಳಿದಳು. ಮೊದಲೆರಡು ದಿನ ಅವಳ ಎದೆಬಡಿತ ತಪ್ಪುತ್ತಿತ್ತು. ಪರದೆಯ ಮೇಲಿನ ಗೆರೆ ಕೆಟ್ಟಾಗಲೆಲ್ಲ ನರ್ಸು ಓಡಿ ಬರುತ್ತಿದ್ದಳು. ಆಮೇಲೆ ಗೆರೆ ಸರಿಯಾಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ, "ಇನ್ನೊಂದು ತಾಸು ತಡಾ ಮಾಡಿದ್ರ..." ಎಂದು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. ಆ ವಾಕ್ಯವನ್ನು ನಾನು ದಿನವೂ ಮುಗಿಸುತ್ತೇನೆ.

ನಾವು ಬರುವ ಹೊತ್ತಿಗೆ ಮನೆಯ ಬಾಗಿಲು ಕಿಟಕಿಗಳೆಲ್ಲ ಹಲವು ದಿನಗಳಿಂದ ತೆರೆದೇ ಇದ್ದವು. ಡ್ರಮ್ಮು ಇರಲಿಲ್ಲ. ಗಂಡ ಮತ್ತು ಆಟೋದವರು ಅದನ್ನು ಏನು ಮಾಡಬೇಕೆಂದು ವಿಚಾರಿಸಿಕೊಂಡು ಬಂದು, ಅಕ್ಕಿಯನ್ನು ದೂರದ ಬಯಲಿನಲ್ಲಿ ಆಳವಾಗಿ ಹೂತಿದ್ದರು. ಹಕ್ಕಿಗಳನ್ನೂ ಹೂತಿದ್ದರು. ಎಲ್ಲಿ ಎಂದು ಮಗಳು ಕೇಳಲಿಲ್ಲ. ಎಲ್ಲದರ ಮೇಲೂ ಕರಿಧೂಳು ಕುಳಿತಿತ್ತು. ಒರೆಸುತ್ತಿರುವಾಗ ಅಡುಗೆಮನೆಯ ಮೂಲೆಯಿಂದ ಪತಂಗವೊಂದು ಎದ್ದು ಹಾರಿತು. ಇಷ್ಟೆಲ್ಲ ಆದಮೇಲೂ ಅವು ಸತ್ತಿರಲಿಲ್ಲ. ಉಳಿದ ನವಣೆಯನ್ನು ಚೆಲ್ಲಿದ ಮೇಲೆ ತಾವಾಗಿಯೇ ಕಡಿಮೆಯಾದವು. ಈಗ ಒಂದೂ ಇಲ್ಲ. ಹಕ್ಕಿ ಸಾಕುವುದನ್ನು ಬಿಟ್ಟರೆ ಪತಂಗವೂ ಹೋಗುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ಅತ್ತೆ ಆಸ್ಪತ್ರೆಯಿಂದ ನೇರ ಸಿದ್ದಾಪುರಕ್ಕೆ ಹೋದರು. ಫೋನಿನಲ್ಲಿ ಮೊಮ್ಮಗಳ ಜೊತೆಗಷ್ಟೇ ಮಾತಾಡುತ್ತಿದ್ದರು. "ಉಂಡೇನವಾ? ಮೈ ಆರಾಮ ಐತೇನು? ಎದಿ ನೋವು?" ಮತ್ತೆ ಅವೇ ಮೂರು ಪ್ರಶ್ನೆ. ನನಗೆ ಫೋನ್ ಕೊಡಲು ಅವರೂ ಹೇಳುತ್ತಿರಲಿಲ್ಲ, ನಾನೂ ಕೈ ಚಾಚುತ್ತಿರಲಿಲ್ಲ.

ಕಳೆದ ತಿಂಗಳು ಅವರು ಬಂದರು. ಮಗಳೇ ಹಟ ಹಿಡಿದು ಕರೆಸಿಕೊಂಡಿದ್ದಳು. ಕೈಯಲ್ಲಿ ಒಂದು ಚೀಲವೂ ಇರಲಿಲ್ಲ. ಬಾಗಿಲ ಮುಂದಿನ ಕಟ್ಟೆಯ ಮೇಲೆ ಕುಳಿತರು. ಮೊಮ್ಮಗಳ ತಲೆ, ಬೆನ್ನು, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದರು. ಅವಳು ಅವರ ಕೈ ಹಿಡಿದು ಎಳೆದಳು.

"ಒಳಗ ಬಾ ಅಜ್ಜಿ. ನನ್ನ ಕೂಡ ಮಲಗು. ಕಥಿ ಹೇಳು."

ಅತ್ತೆ ಏಳಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿದರು. ನಾನು ಹೊಸ್ತಿಲಲ್ಲಿ ನಿಂತಿದ್ದೆ. ಬರ್ರಿ ಅತ್ತಿ ಎಂದು ಎರಡೇ ಮಾತು ಸಾಕಿತ್ತು. ಅವರ ಮೇಲೆ ನನಗೆ ಕೋಪವಿಲ್ಲ; ಇದೆಯೇ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಆದರೆ ಅವರ ಹಿಂದೆ ನನ್ನ ಮಗಳು ಒಳಕೋಣೆಗೆ ಹೋಗುವುದು, ಕದ ಮುಚ್ಚಿಕೊಳ್ಳುವುದು ಕಣ್ಣಿಗೆ ಕಟ್ಟಿತು.

"ಚಾ ಇಲ್ಲೇ ತರ್ತೀನ್ರಿ," ಎಂದೆ.