ರೋಂಡಾದ ಏರು

ಗಲ್ಫಿನಲ್ಲಿ ಬಹಳ ವರ್ಷ ಇದ್ದವರಿಗೆ ಪೆಟ್ಟಿಗೆ ಕಟ್ಟುವುದು ಗೊತ್ತು, ಪ್ರವಾಸ ಹೋಗುವುದು ಗೊತ್ತಿಲ್ಲ. ಬರ್ ದುಬೈಯ ಫ್ಲಾಟಿನಿಂದ ಪ್ರತಿ ರಜೆಗೂ ಉಡುಪಿಗೇ ಹೋಗಿ ಬಂದವರು ನಾವು. ಈ ಸಲ ಸ್ಪೇನ್ ದೇಶದ ರೋಂಡಾ ಎಂಬ ಹಳೆಯ ಬೆಟ್ಟದೂರಿಗೆ ಹೊರಟಾಗಲೂ ನನ್ನ ಕೈ ಅಭ್ಯಾಸ ಬಿಡಲಿಲ್ಲ. ನೋವಿನ ಮುಲಾಮು, ಪಿಸ್ತಾ, ಸೆಂಟು, ಕಿತ್ತಳೆ ಜ್ಯೂಸಿನ ಪುಡಿ ಎಲ್ಲ ತುಂಬಿ, ತೂಕ ನೋಡಿ, ಹಗ್ಗವನ್ನೂ ಬಿಗಿದೆ.

"ಅಲ್ಲ ಮಾರಾಯ್ರೆ, ಅಲ್ಲಿ ಇದನ್ನು ಯಾರಿಗೆ ಕೊಡ್ಲಿಕ್ಕೆ?" ಎಂದಳು ಹೆಂಡತಿ ಶಾಲಿನಿ.

"ಇರ್ಲಿ, ಯಾರಾದ್ರೂ ಸಿಗ್ತಾರೆ," ಎಂದೆ.

ಹೊರಡುವ ಹಟ ಅವಳದು. ಮೊಣಕಾಲಿನ ಆಪರೇಷನ್ ಆದಮೇಲೆ ಅವಳಿಗೆ ಮೆಟ್ಟಿಲೆಂದರೆ ಭಯ. ಕ್ರೀಕ್ ದಾಟುವ ಅಬ್ರಾ ದೋಣಿಗೂ ಇಳಿಯುತ್ತಿರಲಿಲ್ಲ. ದುಬೈಯಲ್ಲಿ ಅದು ನಡೆದುಹೋಗುತ್ತದೆ. ಲಿಫ್ಟು, ಕಾರು, ಮಾಲು, ಮತ್ತೆ ಲಿಫ್ಟು. ಮೊಣಕಾಲು ಇರುವುದೇ ಮರೆಯುವಷ್ಟು ಸಮತಟ್ಟು ಬದುಕು. ಒಂದು ದಿನ ಅವಳೇ ಹೇಳಿದಳು: "ಒಂದು ಗುಡ್ಡೆ ಹತ್ತಿ ನೋಡ್ಬೇಕು. ಆಗದಿದ್ರೆ ಖಲಾಸ್, ಇನ್ನು ಸೋಫಾವೇ ಗತಿ." ಆ ಮಾತಿಗೆ ನನಗೆ ನಿಜಕ್ಕೂ ಹೆದರಿಕೆಯಾಯಿತು.

ರೋಂಡಾ ಬಂಡೆಯ ಅಂಚಿನಲ್ಲಿ ಕೂತ ಊರು. ನಡುವೆ ಆಳದ ಕಮರಿ, ಮೇಲೆ ಕಲ್ಲಿನ ಸೇತುವೆ, ಕೆಳಗೊಂದು ಸಣ್ಣ ಹೊಳೆ. ಹೊಳೆಗೆ ಹೆಸರಿಟ್ಟವರು ಅರಬರಂತೆ. ಹಾಲಿನ ಹೊಳೆ ಎಂದು ಅರ್ಥವಂತೆ. ಸ್ಪೇನಿಗೆ ಕಿತ್ತಳೆ ತಂದವರೂ ಅವರೇ ಎನ್ನುತ್ತಾರೆ. ಅವರು ಗಿಡ ತಂದರು, ನಾನು ಪುಡಿ.

ನಮ್ಮ ವಸತಿಯ ಓಣಿಗೆ ಕಾರು ಹೋಗುವುದಿಲ್ಲ. ಕಲ್ಲುಹಾಸಿನ ಏರಿನಲ್ಲಿ ಪೆಟ್ಟಿಗೆ ಎಳೆದು ನನಗೆ ಜೀವ ಬಾಯಿಗೆ ಬಂತು. ಮನೆಯೊಡತಿ ಅಜ್ಜಿ ಸೊಂಟ ಹಿಡಿದುಕೊಂಡೇ ಬಾಗಿಲು ತೆರೆದಳು. ಭಾಷೆ ಬಾರದ ಶಾಲಿನಿ ಮುಲಾಮು ತೆಗೆದುಕೊಟ್ಟಳು. ನಾನು ಜ್ಯೂಸಿನ ಪುಡಿ ಕೊಟ್ಟೆ. ಅಂಗಳದ ಮರದ ತುಂಬ ಕಿತ್ತಳೆ ತೂಗುತ್ತಿದ್ದವು. ಅಜ್ಜಿ ಮರವನ್ನು ನೋಡಿದಳು, ಪೊಟ್ಟಣವನ್ನು ನೋಡಿದಳು, ನಕ್ಕು ಶಾಲಿನಿಯ ಕೆನ್ನೆಗೆ ಮುತ್ತಿಟ್ಟಳು.

ಮರುದಿನ ಬೆಳಿಗ್ಗೆ ಊರಾಚೆಯ ಗುಡ್ಡಕ್ಕೆ ಹೊರಟೆವು. ಅವಳು ಬಿದ್ದರೆ ಹಿಡಿಯಲೆಂದು ನಾನು ಹಿಂದೆ. "ಮೆಲ್ಲ, ಕಾಲು ಜಾಗ್ರತೆ," ಎನ್ನುತ್ತಲೇ ಇದ್ದೆ. ಮೊದಲು ನನ್ನ ಕೈ ಹಿಡಿದಳು, ಆಮೇಲೆ ಒಂದು ಕೋಲು, ಆಮೇಲೆ ಯಾವುದನ್ನೂ ಹಿಡಿಯಲಿಲ್ಲ. ನಾನು ಎಚ್ಚರಿಕೆ ಹೇಳುವುದನ್ನು ನಿಲ್ಲಿಸಿದೆ; ಹೇಳಲು ಉಸಿರಿರಲಿಲ್ಲ. ಸಿಕ್ಕ ಬಂಡೆಯ ಮೇಲೆ ಕುಸಿದು ಕೂತೆ.

ಮೇಲಿನಿಂದ ಅವಳ ದನಿ ಬಂತು: "ಎಂತ, ಅಲ್ಲೇ ಕೂತದ್ದಾ? ಯಲ್ಲಾ, ಬನ್ನಿ! ಇಲ್ಲಿಂದ ಇನ್ನೊಂದು ಗುಡ್ಡೆ ಕಾಣ್ತದೆ."

ಇನ್ನೊಂದು ಗುಡ್ಡೆ ಎಂದದ್ದಕ್ಕೆ ನನ್ನ ಕಣ್ಣು ತುಂಬಿತು. ಹಿಡಿಯಲು ಬಂದವನು ಹಿಂದೆ ಉಳಿದುಬಿಡುವುದಕ್ಕಿಂತ ಒಳ್ಳೆಯ ಸುದ್ದಿ ಇಲ್ಲವೆಂದುಕೊಂಡು, ಬಂಡೆಗೆ ಕೈಯೂರಿ ಎದ್ದೆ.